ತೊಂಬತ್ತಾರು ಪಾಲು ನೀರು

ಬೇಲೇಕೇರಿಯ ನಮ್ಮ ಅಂಗನವಾಡಿಗೆ ಎರಡೇ ಕಿಟಕಿ.
ಒಂದರಲ್ಲಿ ಸಮುದ್ರ, ಇನ್ನೊಂದರಲ್ಲಿ
ಬುದವಂತಿಯ ತರಕಾರಿ ಗದ್ದೆ.
ನಡುವಿನ ಗೋಡೆಗೆ ಅಂಟಿಸಲು
ಚಾರ್ಟು ಬರೆಯುತ್ತ ಕೂತಿದ್ದೆ:
ಎಡಕ್ಕೆ ಹಣ್ಣು, ಬಲಕ್ಕೆ ತರಕಾರಿ,
ನೂರು ಗ್ರಾಮಿಗೆ ಎಷ್ಟೆಷ್ಟು.

ಸೇಬು ಗೀಬು ಬೇಡ, ಊರಿನದ್ದೇ ಇರಲಿ
ಎಂದಿದ್ದರು ಸೂಪರ್‌ವೈಜರ್ ಮೇಡಮ್ಮು.
ಹಾಗಾಗಿ ಎಡಕ್ಕೆ ಕರಿ ಇಶಾಡ,
ಬಲಕ್ಕೆ ಮೊಗೆಕಾಯಿ.
ಮಾವು ಚೆಂದ ಬಂತು.
ಮೊಗೆಕಾಯಿ ತಲೆದಿಂಬಿನ ಹಾಗೆ ಬಂತು;
ನಾಲ್ಕು ಹಸಿರು ಗೆರೆ ಎಳೆದ ಮೇಲೆ
ಪಟ್ಟೆ ಚಡ್ಡಿ ಹಾಕಿದ ತಲೆದಿಂಬು.

ಶಕ್ತಿ: ಮಾವಿಗೆ ಎಪ್ಪತ್ತರ ಆಸುಪಾಸು,
ಮೊಗೆಗೆ ಹದಿನೈದೂ ಕಷ್ಟ.
ಎ ಜೀವಸತ್ವ: ಮಾವಿನ ಅಂಕಿ ಕಾಲಮ್ಮು ದಾಟಿತು,
ಮೊಗೆಯದ್ದು ಒಂದು ಅಡ್ಡಗೀಟು.
ಸಿ, ಅದರಲ್ಲೂ ಮಾವೇ ಮುಂದೆ.
ಮೊಗೆಕಾಯಿ ಗೆದ್ದದ್ದು ಕೊನೇ ಸಾಲಿನಲ್ಲಿ ಮಾತ್ರ.
ನೀರು: ತೊಂಬತ್ತಾರು ಪಾಲು.
ಬರೆಯುವಾಗ ಸಣ್ಣಗೆ ನಗು ಬಂತು,
ಓಟದಲ್ಲಿ ಹಿಂದೆ ಬಿದ್ದ ಹುಡುಗನಿಗೆ
ಸಮಾಧಾನಕ್ಕೆ ಸೋಪಿನ ಡಬ್ಬಿ ಕೊಟ್ಟ ಹಾಗೆ.

ಮೊಮ್ಮಗನನ್ನು ಕರೆದೊಯ್ಯಲು ಬಂದ ಬುದವಂತಿ
ಬುಟ್ಟಿ ಹೊತ್ತೇ ಬಾಗಿಲಲ್ಲಿ ನಿಂತಳು.
ಅಂಕೋಲೆಯಲ್ಲಿ ಮಾರದೆ ಉಳಿದ ಎರಡು ಮೊಗೆ,
ದಾರಿಯಲ್ಲಿ ಹೆಕ್ಕಿದ ಒಂದು ಮಾವು.
ಅಕ್ಷರ ಬಾರದಿದ್ದರೂ ಚಿತ್ರ ಗುರುತು ಸಿಕ್ಕಿತು.
"ಅಕ್ಕೋರೆ, ನನ್ನ ಮೊಗೆಕಾಯಿ ಎದುರಿಗೆ ಎಂತ ಬರ್ದದ್ದು?"

ಓದಿ ಹೇಳಿದೆ.
"ನೀರಾ?"
ನೀರು.
"ನೂರ್ರಲ್ಲಿ ತೊಂಬತ್ತಾರಾ?"
ಹೌದು ಬುದವಂತಿ, ಪುಸ್ತಕದಲ್ಲಿ ಹಾಗೇ ಉಂಟು.

ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಕೊಟ್ಟು
ಒಂದು ಗಳಿಗೆ ಲೆಕ್ಕ ಹಾಕಿದಳು.
"ಸಮಾ ಉಂಟು.
ಅಷ್ಟೂ ನಾನೇ ಹೊತ್ತದ್ದು."

ಭತ್ತ ಕೊಯ್ದ ಗದ್ದೆಯ ಮೂಲೆಯಲ್ಲಿ
ಆಳೆತ್ತರ ಹೊಂಡ ತೋಡಿ,
ಬೆಳಿಗ್ಗೆ ಮೂವತ್ತು ಕೊಡ, ಬೈಗಿಗೆ ಮೂವತ್ತು.
ಶಿವರಾತ್ರಿ ಕಳೆದರೆ ಹೊಂಡಕ್ಕೆ ಸಮುದ್ರ ನುಗ್ಗುತ್ತದೆ,
ನೀರು ಚಪ್ಪೆ ಹೋಗಿ ಉಪ್ಪಾಗುತ್ತದೆ,
ಆಮೇಲೆ ಶಾಲೆ ಬಾವಿಯಿಂದ,
ಎರಡು ಬೇಲಿ, ಒಂದು ಸಂಕ ದಾಟಿ.
"ಮಾವಿನ ಮರಕ್ಕೆ ಯಾರು ಹೊಯ್ದಿದ್ರು?
ತನ್ನಷ್ಟಕ್ಕೇ ಕುಡೀತು, ತನ್ನಷ್ಟಕ್ಕೇ ಸೀ ಆಯ್ತು.
ಪುಣ್ಯವಂತ ಮರ ಅದು."
ಹೊಟ್ಟೆಕಿಚ್ಚಿಲ್ಲ ಮಾತಿನಲ್ಲಿ,
ದೊಡ್ಡ ಮನೆಯ ಸೊಸೆಯ ಸುದ್ದಿ ಹೇಳಿದ ಹಾಗೆ.

ಬುಟ್ಟಿಯ ಮಾವನ್ನು ತೊಟ್ಟಿನ ಬಳಿ ಮೂಸಿ,
ಇನ್ನೊಮ್ಮೆ ಮೂಸಿ,
ಮೊಮ್ಮಗನ ಕೈಗಿಟ್ಟಳು.
ಅವಳಿಗೆ ಸಕ್ಕರೆ ಕಾಯಿಲೆ, ನರ್ಸಮ್ಮ ಬಿಡುವುದಿಲ್ಲ.
ಮೊಗೆಕಾಯಿ ಎರಡೂ ನನ್ನ ಮೇಜಿನ ಮೇಲೆ.
"ಬಾಳೆಪಟ್ಟೆ ಕಟ್ಟಿ ಮಾಡಿಗೆ ತೂಗ್ಬಿಡಿ.
ದೋಣಿ ಕಟ್ಟಿ, ಸಂತೆ ನಿಂತ್ರೂ ನಿಮ್ಗೆ ಪದಾರ್ಥಕ್ಕುಂಟು.
ಹಣ್ಣು ಕಾಯೂದಿಲ್ಲ ಅಕ್ಕೋರೆ,
ಕಾಯಿ ಕಾಯ್ತದೆ."

ಅವಳು ಹೋದ ಮೇಲೆ
ಒಂದು ಸಾಲು ಸೇರಿಸೋಣವೆನಿಸಿತು.
ಪೆನ್ನು ತೆಗೆದೆ, ಮುಚ್ಚಳ ಹಾಕಿದೆ.
ಏನಂತ ಬರೆಯಲಿ, ಯಾವ ಅಳತೆಯಲ್ಲಿ?
ಅಷ್ಟರಲ್ಲಿ ಹುಡುಗ ಹೊಸ್ತಿಲಿಂದ ವಾಪಸು ಓಡಿ ಬಂದು
ಮರೆತ ಚೀಲಕ್ಕೆ ಕೈ ಚಾಚುವಾಗ
ಗೋಡೆಗೆ ಆನಿಸಿಟ್ಟ ಚಾರ್ಟಿಗೆ ಆತುಕೊಂಡ;
ಮೊಗೆಕಾಯಿಯ ಅಡ್ಡಗೀಟಿನ ಮೇಲೆ
ಐದು ಬೆರಳು ಹಳದಿ.

ಇದೆಂಥ ಗಲೀಜು, ಬದಲಿಸಿ, ಎಂದರು ಮೇಡಮ್ಮು.
ಸೋಮವಾರ ಎಂದೆ.

ಈಗ ಆಷಾಢ. ಚಾರ್ಟು ಅಲ್ಲೇ ಉಂಟು,
ತೇವಕ್ಕೆ ಮಾವಿನ ಬಣ್ಣ ಕದಡಿ
ಸಿ ಜೀವಸತ್ವದವರೆಗೂ ಇಳಿದಿದೆ.
ಮಕ್ಕಳ ಹುಳಿಗೆಂದು ಇವತ್ತು
ಮಾಡಿನಿಂದ ಮೊದಲನೇ ಮೊಗೆ ಬಿಚ್ಚಿದೆ.
ಈಳಿಗೆಯ ಬಾಯಿಗೆ ಕೊಟ್ಟದ್ದೇ
ಮಣೆಯ ಮೇಲೆ ಹರಿದ ನೀರನ್ನು
ಒರೆಸುವ ಮೊದಲು ಬೆರಳಲ್ಲಿ ತೆಗೆದು
ನಾಲಗೆಗೆ ಇಟ್ಟು ನೋಡಿದೆ.

ಉಪ್ಪಿರಲಿಲ್ಲ.